ಒಂದೇ ಬೆಳೆಗೆ ಒಂದೇ ಬಣ್ಣ: ಗ್ರಾಫ್‌ಗಳ ಏಕರೂಪತೆ ಬೇಡವೆನ್ನುವವರಿಗೆ ಉತ್ತರ

ಒಂದು ವರದಿಯಲ್ಲಿ ಹನ್ನೆರಡು ಗ್ರಾಫ್‌ಗಳಿದ್ದರೆ ಹನ್ನೆರಡೂ ಒಂದೇ ಕೈಯಿಂದ ಬಂದಂತೆ ಕಾಣಬೇಕು ಎಂದು ನಾವು ಕೆಲವರು ವಾದಿಸುತ್ತ ಬಂದಿದ್ದೇವೆ. ಒಂದು ಬೆಳೆಗೋ ಜಿಲ್ಲೆಗೋ ಔಷಧಕ್ಕೋ ಮೊದಲ ಪುಟದಲ್ಲಿ ಕೊಟ್ಟ ಬಣ್ಣ ಕೊನೆಯ ಪುಟದವರೆಗೂ ಅದರದೇ ಆಗಿರಬೇಕು. ಹೋಲಿಕೆಗೆಂದು ಅಕ್ಕಪಕ್ಕ ಇಟ್ಟ ಗ್ರಾಫ್‌ಗಳ ಅಕ್ಷ ಒಂದೇ ಅಳತೆಯಲ್ಲಿರಬೇಕು. ಅಕ್ಷರದ ಗಾತ್ರ, ಗೆರೆಯ ದಪ್ಪ, ದಶಮಾಂಶದ ಸ್ಥಾನ, ವರ್ಗಗಳ ಕ್ರಮ ಇವು ಪುಟದಿಂದ ಪುಟಕ್ಕೆ ಬದಲಾಗಬಾರದು. ಇದನ್ನೆಲ್ಲ ಕೊನೆಯ ಗಳಿಗೆಯಲ್ಲಿ ಕೈಯಿಂದ ತಿದ್ದುವ ಬದಲು, ವಿಶ್ಲೇಷಣೆಯ ತಂತ್ರಾಂಶದಲ್ಲೇ ಟೆಂಪ್ಲೇಟ್ ಅಥವಾ ಥೀಮ್ ರೂಪದಲ್ಲಿ ಒಮ್ಮೆ ಬರೆದಿಡಬೇಕು.

ಈ ಮಾತಿಗೆ ವಿರೋಧ ಬರುತ್ತಲೇ ಇದೆ. ವಿರೋಧಿಸುವವರಲ್ಲಿ ಹೆಚ್ಚಿನವರು ದತ್ತಾಂಶವನ್ನು ನಿಷ್ಠೆಯಿಂದ ಸಂಗ್ರಹಿಸುವವರು, ಲೆಕ್ಕವನ್ನು ಎರಡೆರಡು ಸಲ ತಾಳೆ ನೋಡುವವರು. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ಆ ಕಾಳಜಿ ಕೋಷ್ಟಕದ ಬಳಿಯೇ ನಿಂತುಹೋಗುತ್ತದೆ, ಗ್ರಾಫ್‌ವರೆಗೆ ಬರುವುದಿಲ್ಲ ಎಂಬುದೇ ನನ್ನ ತಕರಾರು. ಗ್ರಾಫ್ ನೋಡುವವರು ಅದರಲ್ಲಿ ಕಣ್ಣಿಗೆ ಬೀಳುವ ಪ್ರತಿ ವ್ಯತ್ಯಾಸವನ್ನೂ ದತ್ತಾಂಶದ ವ್ಯತ್ಯಾಸವೆಂದೇ ಓದುತ್ತಾರೆ. ಬಣ್ಣ ಬದಲಾದರೆ ವಸ್ತು ಬದಲಾಯಿತು ಎಂದುಕೊಳ್ಳುತ್ತಾರೆ, ಕಂಬ ಎತ್ತರವಾದರೆ ಸಂಖ್ಯೆ ದೊಡ್ಡದಾಯಿತು ಎಂದುಕೊಳ್ಳುತ್ತಾರೆ. ದತ್ತಾಂಶದಲ್ಲಿ ಇಲ್ಲದ ವ್ಯತ್ಯಾಸವನ್ನು ಚಿತ್ರದಲ್ಲಿ ಮೂಡಿಸಿದರೆ ನಾವು ಸುಳ್ಳು ಮಾಹಿತಿ ಕೊಟ್ಟಂತೆ. ಈ ನೆಲೆಯಲ್ಲಿ ನಿಂತು ಆಕ್ಷೇಪಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ಆಕ್ಷೇಪ 1: ‘ಇದು ಬರೀ ಅಲಂಕಾರ. ಅಂಕಿಗಳು ಸರಿಯಿದ್ದರೆ ಸಾಕು.’

ಅಂಕಿಗಳು ಸರಿಯಿದ್ದೂ ಗ್ರಾಫ್ ದಾರಿ ತಪ್ಪಿಸಬಲ್ಲದು. 2020ರ ಮೇ ತಿಂಗಳಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಆರೋಗ್ಯ ಇಲಾಖೆ, ಕೋವಿಡ್ ಹೆಚ್ಚಿದ್ದ ಐದು ಕೌಂಟಿಗಳ ದಿನವಾರು ಪ್ರಕರಣಗಳ ಕಂಬಚಿತ್ರವೊಂದನ್ನು ಪ್ರಕಟಿಸಿತ್ತು. ಕಂಬಗಳು ಎಡದಿಂದ ಬಲಕ್ಕೆ ಚೆನ್ನಾಗಿ ಇಳಿಯುತ್ತ ಹೋಗುತ್ತಿದ್ದವು. ನೋಡಿದವರಿಗೆ ಸೋಂಕು ತಗ್ಗುತ್ತಿದೆ ಎಂಬ ಸಮಾಧಾನ. ಆದರೆ ಕೆಳಗಿನ ದಿನಾಂಕಗಳು ಕಾಲಕ್ರಮದಲ್ಲಿ ಇರಲೇ ಇಲ್ಲ. ಹೆಚ್ಚಿನ ಸಂಖ್ಯೆಯಿಂದ ಕಡಿಮೆ ಸಂಖ್ಯೆಗೆ ಇಳಿಯುವಂತೆ ದಿನಗಳನ್ನೇ ಹಿಂದೆ ಮುಂದೆ ಜೋಡಿಸಲಾಗಿತ್ತು. ಪ್ರತಿ ದಿನಾಂಕದೊಳಗೂ ಕೌಂಟಿಗಳ ಕ್ರಮ ಬೇರೆ ಬೇರೆ. ಟೀಕೆ ಬಂದ ಮೇಲೆ ಇಲಾಖೆ ಅದನ್ನು ತಿದ್ದಿತು. ತಿದ್ದಿದ್ದು ಜೋಡಣೆಯನ್ನು, ಅಂದರೆ ಆಕ್ಷೇಪಿಸುವವರು ಅಲಂಕಾರ ಎನ್ನುವ ಭಾಗವನ್ನು.

ನಮ್ಮ ಹತ್ತಿರದ ಉದಾಹರಣೆ ಮಳೆಯದು. ಭಾರತ ಹವಾಮಾನ ಇಲಾಖೆಯ ಮುನ್ನೆಚ್ಚರಿಕೆಗೆ ನಾಲ್ಕು ಬಣ್ಣಗಳಿವೆ: ಹಸಿರು, ಹಳದಿ, ಕಿತ್ತಳೆ, ಕೆಂಪು. ಯೆಲ್ಲೊ ಅಲರ್ಟ್‌ಗಿಂತ ಆರೆಂಜ್ ಅಲರ್ಟ್, ಅದಕ್ಕಿಂತ ರೆಡ್ ಅಲರ್ಟ್ ಗಂಭೀರ ಎಂಬುದು ಕರಾವಳಿಯ ಶಾಲಾ ಮಕ್ಕಳಿಗೂ ಗೊತ್ತು. ಇದೇ ಇಲಾಖೆಯ ಮಳೆ ಪ್ರಮಾಣದ ನಕ್ಷೆಯಲ್ಲಿ ವಾಡಿಕೆಗಿಂತ ಶೇ 20ರಿಂದ 59ರಷ್ಟು ಕಡಿಮೆ ಮಳೆಯಾದ ಜಿಲ್ಲೆಗೆ ಕೆಂಪು, ಶೇ 60ರಿಂದ 99ರಷ್ಟು ತೀವ್ರ ಕೊರತೆಯಾದ ಜಿಲ್ಲೆಗೆ ಹಳದಿ. ಮುನ್ನೆಚ್ಚರಿಕೆಯ ಬಣ್ಣಗಳಿಗೆ ಒಗ್ಗಿದ ಕಣ್ಣು ಈ ನಕ್ಷೆಯನ್ನು ನೋಡಿದರೆ, ಹೆಚ್ಚು ಒಣಗಿರುವ ಜಿಲ್ಲೆಯನ್ನೇ ಕಡಿಮೆ ತೊಂದರೆಯಲ್ಲಿದೆ ಎಂದು ಓದುತ್ತದೆ. ಎರಡೂ ಪದ್ಧತಿಗಳು ತಮ್ಮತಮ್ಮೊಳಗೆ ಸ್ಪಷ್ಟವಾಗಿವೆ, ಲೆಕ್ಕದಲ್ಲೂ ತಪ್ಪಿಲ್ಲ. ಎರಡರ ನಡುವೆ ಹೊಂದಾಣಿಕೆ ಇಲ್ಲದಿರುವುದೇ ಓದುಗರನ್ನು ಎಡವಿಸುತ್ತದೆ. ಬರದ ಪರಿಹಾರ ಯಾವ ತಾಲ್ಲೂಕಿಗೆ ಮೊದಲು ಹೋಗಬೇಕು ಎಂದು ಇಂಥ ನಕ್ಷೆ ಹರವಿಕೊಂಡು ಚರ್ಚಿಸುವವರ ಮಟ್ಟಿಗೆ ಬಣ್ಣ ಅಲಂಕಾರವಾಗಿ ಉಳಿಯುವುದಿಲ್ಲ.

ಆಕ್ಷೇಪ 2: ‘ತಂತ್ರಾಂಶದ ಡಿಫಾಲ್ಟ್ ಇದೆಯಲ್ಲ. ತಜ್ಞರೇ ರೂಪಿಸಿದ್ದು, ಎಲ್ಲ ಗ್ರಾಫ್‌ಗೂ ಒಂದೇ ಆಗಿರುತ್ತದೆ.’

ಇದು ಅತಿ ಹೆಚ್ಚು ಕೇಳಿಬರುವ ಮಾತು, ಅತಿ ಹೆಚ್ಚು ಹಾನಿ ಮಾಡುವ ಮಾತೂ ಹೌದು. ಆರ್ ಭಾಷೆಯ ಜಿಜಿಪ್ಲಾಟ್2 ತೆಗೆದುಕೊಳ್ಳಿ. ಬೆಳೆಗಳ ಹೆಸರನ್ನು ಕನ್ನಡ ಅಕ್ಷರಗಳಲ್ಲಿ ದಾಖಲಿಸಿದ್ದೀರಿ: ಅಕಾರಾದಿಯಾಗಿ ಜೋಳ, ಭತ್ತ, ರಾಗಿ ಎಂಬ ಅನುಕ್ರಮ ಬರುತ್ತದೆ. ಬಣ್ಣ ಹೇಳದೆ ಬಿಟ್ಟರೆ ಮೂರೂ ಬೆಳೆಗಳಿರುವ ಗ್ರಾಫ್‌ನಲ್ಲಿ ಜೋಳಕ್ಕೆ ಕೆಂಪು, ಭತ್ತಕ್ಕೆ ಹಸಿರು, ರಾಗಿಗೆ ನೀಲಿ. ಮುಂದಿನ ಪುಟದಲ್ಲಿ ಜೋಳ ಬೆಳೆಯದ ತಾಲ್ಲೂಕುಗಳ ಗ್ರಾಫ್ ಬರುತ್ತದೆ. ಉಳಿದದ್ದು ಎರಡೇ ಬೆಳೆ. ಈಗ ಆ ಕೆಂಪು ಭತ್ತದ ಪಾಲಾಗುತ್ತದೆ, ರಾಗಿ ಹಸಿರು ಬೆರೆತ ನೀಲಿಗೆ ಹೋಗುತ್ತದೆ. ಆಟದ ನಡುವೆ ಕಬಡ್ಡಿ ತಂಡಗಳು ಅಂಗಿ ಬದಲಿಸಿಕೊಂಡರೆ ನೋಡುವವರ ಪಾಡೇನೋ ಓದುಗರ ಪಾಡೂ ಅದೇ. ತಂತ್ರಾಂಶ ತನ್ನ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆ. ಎಷ್ಟು ವರ್ಗಗಳಿವೆಯೋ ಅಷ್ಟು ಭಾಗವಾಗಿ ಬಣ್ಣದ ಚಕ್ರವನ್ನು ಹಂಚುವುದು ಅದರ ನಿಯಮ. ಭತ್ತ ಎಂದರೇನು ಎಂದು ಅದಕ್ಕೆ ಗೊತ್ತಿಲ್ಲ, ಹೇಳಬೇಕಾದವರು ನಾವು. ಹೆಸರಿಗೆ ಬಣ್ಣ ಕಟ್ಟಿದ ಪಟ್ಟಿಯೊಂದನ್ನು ಸ್ಕ್ರಿಪ್ಟ್‌ನ ಆರಂಭದಲ್ಲಿ ಬರೆದು, ಬಣ್ಣವನ್ನು ಅಲ್ಲಿಂದಲೇ ತೆಗೆದುಕೊಳ್ಳುವಂತೆ ಪ್ರತಿ ಗ್ರಾಫ್‌ಗೂ ಸೂಚಿಸಿದರೆ ಭತ್ತ ಎಲ್ಲಿ ಬಂದರೂ ಭತ್ತವಾಗಿಯೇ ಕಾಣುತ್ತದೆ.

ಅದೇ ಡಿಫಾಲ್ಟ್ ಬಣ್ಣಗಳಿಗೆ ಇನ್ನೊಂದು ಗುಣವಿದೆ: ಎಲ್ಲವೂ ಒಂದೇ ಪ್ರಮಾಣದ ಉಜ್ಜ್ವಲತೆ ಹೊಂದಿವೆ. ಪರದೆಯ ಮೇಲೆ ಇದು ಒಳ್ಳೆಯದೇ, ಯಾವ ಬಣ್ಣವೂ ಮತ್ತೊಂದನ್ನು ಮೀರಿ ಎದ್ದು ನಿಲ್ಲುವುದಿಲ್ಲ. ಆದರೆ ಪ್ರಬಂಧದ ಪುಟವನ್ನು ಕಪ್ಪು ಬಿಳುಪಿನಲ್ಲಿ ಜೆರಾಕ್ಸ್ ಮಾಡಿಸಿದರೆ ಜೋಳ, ಭತ್ತ, ರಾಗಿ ಮೂರೂ ಒಂದೇ ಬೂದು.

ತಾನೇ ಹೊಂದಿಸಿಕೊಳ್ಳುವ ಬಣ್ಣಪಟ್ಟಿಯ ಅಪಾಯವನ್ನೂ ಜಾರ್ಜಿಯಾ ರಾಜ್ಯವೇ ತೋರಿಸಿತು. 2020ರ ಜುಲೈನಲ್ಲಿ ಅದರ ಕೋವಿಡ್ ನಕ್ಷೆಯನ್ನು ಎರಡು ವಾರಗಳ ಅಂತರದಲ್ಲಿ ನೋಡಿದವರಿಗೆ ಹೆಚ್ಚೇನೂ ಬದಲಾವಣೆ ಕಾಣಲಿಲ್ಲ. ಪ್ರಕರಣಗಳು ಏರಿದ್ದವು, ಜೊತೆಗೆ ಪ್ರತಿ ಬಣ್ಣ ಸೂಚಿಸುವ ಸಂಖ್ಯೆಯ ಮಿತಿಯೂ ಏರಿತ್ತು. ಒಂದೇ ದಿನದ ನಕ್ಷೆಯಾಗಿ ಎರಡೂ ಸರಿ. ದಿನದಿಂದ ದಿನಕ್ಕೆ ಹೋಲಿಸಬೇಕಾದ ಜನರಿಗೆ ಅವು ಸುಳ್ಳು ಹೇಳಿದವು.

ಇನ್ನು ಡಿಫಾಲ್ಟ್ ಸ್ಥಿರವಾಗಿರುತ್ತದೆ ಎಂಬ ನಂಬಿಕೆ. ಪೈಥಾನ್ ಭಾಷೆಯ ಮ್ಯಾಟ್‌ಪ್ಲಾಟ್‌ಲಿಬ್ 2017ರಲ್ಲಿ ಬಂದ ತನ್ನ 2.0 ಆವೃತ್ತಿಯಲ್ಲಿ ಜೆಟ್ ಎಂಬ ಕಾಮನಬಿಲ್ಲಿನ ಬಣ್ಣಪಟ್ಟಿಯನ್ನು ಬಿಟ್ಟು ವಿರಿಡಿಸ್‌ಗೆ ಬಂತು. ಬದಲಾವಣೆಗೆ ಸಕಾರಣವಿತ್ತು: ಜೆಟ್‌ನ ಹಳದಿ ಮತ್ತು ಆಕಾಶನೀಲಿ ಪಟ್ಟೆಗಳು ದತ್ತಾಂಶದಲ್ಲಿ ಇಲ್ಲದ ಗಡಿಗಳನ್ನು ಕಣ್ಣಿಗೆ ತೋರಿಸುತ್ತಿದ್ದವು. ಆರ್ ಭಾಷೆ 2020ರ ತನ್ನ 4.0 ಆವೃತ್ತಿಯಲ್ಲಿ ಮೂಲ ಬಣ್ಣಗಳನ್ನು ಬದಲಿಸಿತು. ಸ್ಟೇಟಾ 2023ರಲ್ಲಿ ತನ್ನ 18ನೇ ಆವೃತ್ತಿಯೊಂದಿಗೆ ಗ್ರಾಫ್‌ಗಳ ಮೂಲ ವಿನ್ಯಾಸವನ್ನೇ ಬದಲಾಯಿಸಿತು. ಮೈಕ್ರೊಸಾಫ್ಟ್ ಆಫೀಸ್ 2007, 2013, 2023ರಲ್ಲಿ ಥೀಮ್ ಬದಲಿಸಿದೆ. ಐದು ವರ್ಷ ನಡೆಯುವ ಪಿಎಚ್.ಡಿ. ಅಧ್ಯಯನದ ನಡುವೆ ಪ್ರಯೋಗಾಲಯದ ಕಂಪ್ಯೂಟರ್ ಒಮ್ಮೆ ಅಪ್‌ಡೇಟ್ ಆದರೆ ಸಾಕು, ಮೂರನೇ ಅಧ್ಯಾಯ ಎರಡನೇ ಅಧ್ಯಾಯದಂತೆ ಕಾಣುವುದಿಲ್ಲ.

ಕನ್ನಡದಲ್ಲಿ ವರದಿ ಬರೆಯುವವರಿಗೆ ಡಿಫಾಲ್ಟ್ ಮೊದಲ ಹೆಜ್ಜೆಯಲ್ಲೇ ಕೈಕೊಡುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ನ ಮೂಲ ಫಾಂಟ್ ಆದ ಡೆಜಾವು ಸ್ಯಾನ್ಸ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ‘ಚಿತ್ರದುರ್ಗ’ ಎಂದು ಬರೆದರೆ ಖಾಲಿ ಚೌಕಗಳು ಬರುತ್ತವೆ. ಕನ್ನಡ ಫಾಂಟ್ ಯಾವುದು, ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ಔಟ್‌ಪುಟ್ ಸಾಧನ ಯಾವುದು ಎಂಬುದನ್ನು ನಾವೇ ಹೇಳಬೇಕು. ಆರ್‌ನಲ್ಲಿ ರ‍್ಯಾಗ್ ಎಂಬ ಪ್ಯಾಕೇಜ್ ಈ ಕೆಲಸ ಮಾಡುತ್ತದೆ. ಹೇಗೂ ಹೇಳಲೇಬೇಕಾದದ್ದನ್ನು ಒಂದೇ ಜಾಗದಲ್ಲಿ, ಎಲ್ಲ ಗ್ರಾಫ್‌ಗಳಿಗೂ ಸೇರಿಸಿ ಹೇಳಿ ಎನ್ನುವುದಷ್ಟೇ ನಮ್ಮ ಬೇಡಿಕೆ.

ಆಕ್ಷೇಪ 3: ‘ಎಲ್ಲಕ್ಕೂ ಒಂದೇ ಅಕ್ಷ ಹಾಕಿದರೆ ಸಣ್ಣ ಬದಲಾವಣೆಗಳು ಕಾಣದೇ ಹೋಗುತ್ತವೆ.’

ಇದು ತೂಕವುಳ್ಳ ಆಕ್ಷೇಪ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ನಾಲ್ಕು ಸಾವಿರ ಮಿ.ಮೀ. ಆಸುಪಾಸು; ಚಿತ್ರದುರ್ಗದಲ್ಲಿ ಆರುನೂರರ ಆಸುಪಾಸು. ಎರಡನ್ನೂ ಸೊನ್ನೆಯಿಂದ ಐದು ಸಾವಿರದವರೆಗಿನ ಅಕ್ಷದಲ್ಲಿ ಬಿಡಿಸಿದರೆ ಚಿತ್ರದುರ್ಗದ ಗೆರೆ ತಳಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿ ನೂರು ಮಿ.ಮೀ. ಕಡಿಮೆಯಾದರೆ ಶೇಂಗಾ ಬೆಳೆಯೇ ಕೈಬಿಡಬಹುದು, ಆ ನೂರು ಮಿ.ಮೀ. ಗ್ರಾಫ್‌ನಲ್ಲಿ ಗೆರೆಯ ದಪ್ಪದಷ್ಟೂ ಕಾಣುವುದಿಲ್ಲ. ಆದ್ದರಿಂದ ಪ್ರತಿ ಜಿಲ್ಲೆಗೂ ಅದರದೇ ಅಕ್ಷ ಇರಲಿ ಎನ್ನುತ್ತಾರೆ.

ಆದರೆ ಅಲ್ಲಿಂದ ಮುಂದೆ ಏನಾಗುತ್ತದೆ ನೋಡಿ. ಎರಡು ಗೆರೆಗಳೂ ತಮ್ಮತಮ್ಮ ಚೌಕಟ್ಟನ್ನು ತುಂಬಿಕೊಂಡು ಒಂದೇ ಎತ್ತರಕ್ಕೆ ಏರಿಳಿಯುತ್ತವೆ. ಪುಟ ತಿರುಗಿಸುವವರು ಎರಡು ಜಿಲ್ಲೆಗಳ ಮಳೆ ಹೆಚ್ಚುಕಡಿಮೆ ಸಮ ಎಂದುಕೊಳ್ಳುತ್ತಾರೆ. ಅಕ್ಷದ ಅಂಕಿ ಓದಿಕೊಳ್ಳಲಿ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧವು, ಒಂದೇ ಅಳತೆಗೋಲಿನ ಮೇಲಿನ ಸ್ಥಾನಗಳನ್ನು ಕಣ್ಣು ಅತ್ಯಂತ ನಿಖರವಾಗಿ ಹೋಲಿಸುತ್ತದೆ ಎಂದು ತೋರಿಸಿತು. ಪ್ರತಿಯೊಂದಕ್ಕೂ ಬೇರೆ ಅಕ್ಷ ಕೊಟ್ಟಾಗ ನಾವು ಓದುಗರಿಂದ ಆ ಶಕ್ತಿಯನ್ನೇ ಕಿತ್ತುಕೊಳ್ಳುತ್ತೇವೆ.

ಪರಿಹಾರ ಅಕ್ಷವನ್ನು ಬಿಡಿಬಿಡಿ ಮಾಡುವುದರಲ್ಲಿಲ್ಲ, ಪ್ರಶ್ನೆಯನ್ನು ಸ್ಪಷ್ಟ ಮಾಡಿಕೊಳ್ಳುವುದರಲ್ಲಿದೆ. ಜಿಲ್ಲೆಗಳ ನಡುವೆ ಮಳೆಯ ಅಂತರ ಎಷ್ಟು ಎಂಬುದು ಪ್ರಶ್ನೆಯಾದರೆ ಮಿಲಿಮೀಟರ್‌ನಲ್ಲಿ ಸಮಾನ ಅಕ್ಷ ಬೇಕು. ಚಿತ್ರದುರ್ಗದ ಗೆರೆ ತಳದಲ್ಲಿರುವುದೇ ಅಲ್ಲಿನ ಸತ್ಯ. ಪ್ರತಿ ಜಿಲ್ಲೆ ತನ್ನ ವಾಡಿಕೆಯಿಂದ ಎಷ್ಟು ದೂರ ಸರಿಯಿತು ಎಂಬುದು ಪ್ರಶ್ನೆಯಾದರೆ ವಾಡಿಕೆಯಿಂದಾದ ವ್ಯತ್ಯಾಸವನ್ನು ಶೇಕಡಾವಾರು ಬಿಡಿಸಬೇಕು. ಆಗ ಉಡುಪಿಗೆ 800 ಮಿ.ಮೀ. ಕೊರತೆ, ಚಿತ್ರದುರ್ಗಕ್ಕೆ 120 ಮಿ.ಮೀ. ಕೊರತೆ ಎರಡೂ ಶೇ 20ರ ಗೆರೆಯ ಮೇಲೆ ಬಂದು ನಿಲ್ಲುತ್ತವೆ. ಅಕ್ಷ ಈಗಲೂ ಸಮಾನವೇ, ಬದಲಾದದ್ದು ಅಳತೆಯ ಮಾನ. ಸಣ್ಣ ಬದಲಾವಣೆ ಎದ್ದು ಕಾಣುತ್ತದೆ, ಹೋಲಿಕೆಯೂ ಉಳಿಯುತ್ತದೆ.

ಬೇರೆ ಅಕ್ಷ ನಿಜಕ್ಕೂ ಅನಿವಾರ್ಯವಾಗುವ ಸಂದರ್ಭಗಳಿವೆ ಎಂದು ಒಪ್ಪುತ್ತೇನೆ. ಒಂದು ಚೌಕಟ್ಟಿನಲ್ಲಿ ಉಷ್ಣಾಂಶ, ಇನ್ನೊಂದರಲ್ಲಿ ಮಳೆ ಇದ್ದರೆ ಸಮಾನ ಅಕ್ಷಕ್ಕೆ ಅರ್ಥವೇ ಇಲ್ಲ. ಎಲ್ಲವೂ ಸೊನ್ನೆಯಿಂದಲೇ ಶುರುವಾಗಬೇಕು ಎಂದೂ ನಾವು ಹೇಳುತ್ತಿಲ್ಲ. ಉದ್ದದಿಂದ ಅರ್ಥ ಹೇಳುವ ಕಂಬಕ್ಕೆ ಸೊನ್ನೆ ಬೇಕು. ಜ್ವರ ಬಂದವರ ಮೈಬಿಸಿಯ ಗೆರೆಗೆ ಸೊನ್ನೆ ಡಿಗ್ರಿ ಬೇಕಿಲ್ಲ. ಒಂದೇ ಬಗೆಯ ಅಳತೆಗೆ ಬೇರೆ ಅಕ್ಷ ಬಳಸಿದಾಗ ಚಿತ್ರದ ಶೀರ್ಷಿಕೆಯ ಕೆಳಗೆ ಒಂದು ಸಾಲಿನಲ್ಲಿ ಹಾಗೆಂದು ಹೇಳಬೇಕು. ಮುಖ್ಯವಾಗಿ, ಆ ಆಯ್ಕೆ ನಮ್ಮದಾಗಿರಬೇಕು. ಜಿಜಿಪ್ಲಾಟ್2ರಲ್ಲಿ ಒಂದೇ ಗ್ರಾಫನ್ನು ಚೌಕಟ್ಟುಗಳಾಗಿ ಒಡೆದಾಗ ಕೇಳದಿದ್ದರೆ ಅಕ್ಷ ಸಮಾನವಾಗಿರುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ನ ಚೌಕಟ್ಟುಗಳಲ್ಲಿ ಕೇಳದಿದ್ದರೆ ಪ್ರತಿಯೊಂದಕ್ಕೂ ಅದರದೇ ಅಕ್ಷ. ಒಂದೇ ದತ್ತಾಂಶ ಎರಡು ತಂತ್ರಾಂಶಗಳಲ್ಲಿ ಎರಡು ಕಥೆ ಹೇಳುವುದಾದರೆ, ಯಾವ ಕಥೆ ಸರಿ ಎಂದು ನಿರ್ಧರಿಸುವ ಹೊಣೆ ವಿಶ್ಲೇಷಕರದು.

ಆಕ್ಷೇಪ 4: ‘ಎಲ್ಲವನ್ನೂ ಅಚ್ಚಿಗೆ ಸುರಿದರೆ ಸೃಜನಶೀಲತೆ ಉಳಿಯುವುದಿಲ್ಲ.’

ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, 2021ರಲ್ಲಿ ಪ್ರಕಟಿಸಿದ ವಿಜ್ಞಾನ ವರದಿಯನ್ನು 234 ಮಂದಿ ಬರೆದರು. ಭವಿಷ್ಯದ ಐದು ಮುಖ್ಯ ಸನ್ನಿವೇಶಗಳಿಗೆ ಅದರಲ್ಲಿ ನೀಲಿಯಿಂದ ಕಡುಗೆಂಪಿನವರೆಗೆ ಐದು ಬಣ್ಣಗಳು ನಿಗದಿಯಾಗಿವೆ. ಭೂಮಿಯ ಉಷ್ಣಾಂಶ, ಆರ್ಕ್‌ಟಿಕ್ ಹಿಮ, ಸಮುದ್ರದ ಆಮ್ಲೀಯತೆ, ಸಮುದ್ರಮಟ್ಟ ಹೀಗೆ ವಿಷಯ ಯಾವುದೇ ಇರಲಿ, ಕಡುಗೆಂಪು ಎಂದರೆ ಅತಿ ಹೆಚ್ಚು ಹೊರಸೂಸುವಿಕೆಯ ಹಾದಿ. ಮೊದಲ ಚಿತ್ರದಲ್ಲಿ ಬಣ್ಣದ ಅರ್ಥ ಕಲಿತವರಿಗೆ ಮುಂದಿನ ಚಿತ್ರಗಳಲ್ಲಿ ಲೆಜೆಂಡ್ ಹುಡುಕುವ ಶ್ರಮವಿಲ್ಲ. ಅವರ ಗಮನವೆಲ್ಲ ಗೆರೆ ಎತ್ತ ಹೋಗುತ್ತಿದೆ ಎಂಬುದರ ಮೇಲೆ. ಆ ಚಿತ್ರಗಳ ಪರಿಣಾಮ ಕುಗ್ಗಿತೆಂದು ಯಾರೂ ಹೇಳಲಾರರು.

ಬಿಬಿಸಿಯ ದತ್ತಾಂಶ ಪತ್ರಕರ್ತರು ಆರ್ ಭಾಷೆಯಲ್ಲಿ ತಮ್ಮ ಶೈಲಿಯನ್ನು ಬಿಬಿಪ್ಲಾಟ್ ಎಂಬ ಪ್ಯಾಕೇಜ್ ಆಗಿ ಬರೆದು 2019ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಫಾಂಟ್, ಅಕ್ಷರದ ಗಾತ್ರ, ಹಿನ್ನೆಲೆಯ ಗೆರೆ, ಲೆಜೆಂಡ್‌ನ ಜಾಗ ಇವನ್ನು ಅದು ಗಟ್ಟಿ ಮಾಡುತ್ತದೆ. ಗೆರೆ ಮತ್ತು ಕಂಬಗಳ ಬಣ್ಣವನ್ನು ಮಾತ್ರ ವಿಷಯಕ್ಕೆ ತಕ್ಕಂತೆ ಬರೆಯುವವರೇ ಹೇಳಬೇಕು. ಈ ವಿಭಜನೆ ನನಗೆ ಬಹಳ ಸರಿಯೆನಿಸುತ್ತದೆ. ಎಲ್ಲ ಗ್ರಾಫ್‌ಗೂ ಸಾಮಾನ್ಯವಾದದ್ದನ್ನು ಥೀಮ್ ನೋಡಿಕೊಳ್ಳಲಿ. ಯಾವ ಬಗೆಯ ಗ್ರಾಫ್ ಬೇಕು, ಯಾವ ಗೆರೆಯನ್ನು ಎತ್ತಿ ತೋರಿಸಬೇಕು, ಏನನ್ನು ಬಿಡಬೇಕು, ಶೀರ್ಷಿಕೆ ಏನು ಹೇಳಬೇಕು ಎಂಬಲ್ಲಿ ಬುದ್ಧಿ ಖರ್ಚಾಗಲಿ. ಪ್ರತಿ ಗ್ರಾಫ್‌ಗೂ ಹೊಸದಾಗಿ ಫಾಂಟ್ ಆರಿಸುವುದರಲ್ಲಿ ಸೃಜನಶೀಲತೆ ಇದೆ ಎಂದು ನಾನು ಒಪ್ಪಲಾರೆ.

ಇದು ಹೊಸ ಕಾಲದ ಗೀಳೂ ಅಲ್ಲ. 1915ರಲ್ಲೇ ಅಮೆರಿಕದ ಹಲವು ವೈಜ್ಞಾನಿಕ ಸಂಘಗಳ ಜಂಟಿ ಸಮಿತಿಯೊಂದು ವಿಲ್ಲರ್ಡ್ ಬ್ರಿಂಟನ್ ಅವರ ಅಧ್ಯಕ್ಷತೆಯಲ್ಲಿ ಗ್ರಾಫ್ ಬಿಡಿಸುವ ಸಾಮಾನ್ಯ ನಿಯಮಗಳನ್ನು ಪ್ರಕಟಿಸಿತ್ತು. ಪೆನ್ನು, ಸ್ಕೇಲು ಹಿಡಿದು ಗ್ರಾಫ್ ಬಿಡಿಸುತ್ತಿದ್ದವರಿಗೂ ಸಮಾನ ಪದ್ಧತಿಯ ಅಗತ್ಯ ಕಂಡಿತ್ತು.

ಆಕ್ಷೇಪ 5: ‘ಸಮಯವಿಲ್ಲ. ನಮಗೆ ಕೋಡ್ ಬರೆಯಲೂ ಬರುವುದಿಲ್ಲ. ಕೊನೆಗೆ ಕೈಯಿಂದ ಸರಿಮಾಡಿಕೊಳ್ಳುತ್ತೇವೆ.’

ಕೊನೆಗೆ ಎಂಬ ಗಳಿಗೆ ವಿಶ್ಲೇಷಣೆಯಲ್ಲಿ ಒಂದೇ ಸಲ ಬರುವುದಿಲ್ಲ. ದತ್ತಾಂಶದಲ್ಲಿ ಒಂದು ನಮೂದು ತಪ್ಪಿದೆ ಎಂದು ಗೊತ್ತಾಗುತ್ತದೆ, ಮಾರ್ಗದರ್ಶಕರು ಒಂದು ವರ್ಷ ಸೇರಿಸಲು ಹೇಳುತ್ತಾರೆ, ಪರೀಕ್ಷಕರು ಒಂದು ಗುಂಪನ್ನು ಬೇರ್ಪಡಿಸಿ ಎನ್ನುತ್ತಾರೆ. ಪ್ರತಿ ಸಲವೂ ಹನ್ನೆರಡು ಗ್ರಾಫ್‌ಗಳನ್ನು ಮೌಸ್ ಹಿಡಿದು ಮತ್ತೆ ತಿದ್ದಬೇಕು. ದಣಿದ ಕೈ ಹನ್ನೊಂದನ್ನು ತಿದ್ದಿ ಒಂದನ್ನು ಬಿಡುತ್ತದೆ. ಕೈಯಿಂದ ತಿದ್ದಿದ ಚಿತ್ರಕ್ಕೂ ದತ್ತಾಂಶಕ್ಕೂ ನಡುವಿನ ಕೊಂಡಿಯೂ ಕಡಿದುಹೋಗುತ್ತದೆ. ಆ ಕಂಬ ಯಾವ ಲೆಕ್ಕದಿಂದ ಬಂತು ಎಂದು ಆಮೇಲೆ ಯಾರೂ ಹಿಂಬಾಲಿಸಿ ನೋಡಲಾಗದು. ಸಮಯ ಉಳಿಸಲೆಂದೇ ಥೀಮ್ ಬೇಕು.

ಕೋಡ್ ಬಾರದವರಿಗೂ ದಾರಿ ಇದೆ. ಎಕ್ಸೆಲ್‌ನಲ್ಲಿ ಒಂದು ಚಾರ್ಟನ್ನು ಸರಿಯಾಗಿ ರೂಪಿಸಿ, ಅದರ ಮೇಲೆ ಬಲಗುಂಡಿ ಒತ್ತಿ ಟೆಂಪ್ಲೇಟ್ ಆಗಿ ಉಳಿಸಿಕೊಳ್ಳಬಹುದು. ಎಚ್ಚರ ವಹಿಸಬೇಕಾದದ್ದು ಒಂದೇ: ಅದು ಬಣ್ಣ ಕೊಡುವುದು ಕಾಲಂನ ಹೆಸರು ನೋಡಿ ಅಲ್ಲ, ಕಾಲಂನ ಸ್ಥಾನ ನೋಡಿ. ಆದ್ದರಿಂದ ಜೋಳ ಇಲ್ಲದ ಕೋಷ್ಟಕದಲ್ಲೂ ಜೋಳದ ಕಾಲಂ ಖಾಲಿ ಇರಲಿ, ತೆಗೆಯಬೇಡಿ. ಎಸ್‌ಪಿಎಸ್‌ಎಸ್‌ನ ಚಾರ್ಟ್ ಎಡಿಟರ್‌ನಲ್ಲಿ ಟೆಂಪ್ಲೇಟ್ ಉಳಿಸುವ ಸೌಲಭ್ಯವಿದೆ. ಸ್ಟೇಟಾದಲ್ಲಿ ಸ್ಕೀಮ್ ಇದೆ. ಅದರ ಗ್ರಾಫ್ ಎಡಿಟರ್‌ನಲ್ಲಿ ಮೌಸ್‌ನಿಂದ ಮಾಡಿದ ತಿದ್ದುಪಡಿಗಳನ್ನು ದಾಖಲಿಸಿಕೊಂಡು ಮುಂದಿನ ಗ್ರಾಫ್‌ಗೂ ಅನ್ವಯಿಸುವ ರೆಕಾರ್ಡರ್ ಇದೆ. ಆರಿಜಿನ್‌ನಲ್ಲಿ ಗ್ರಾಫ್ ಟೆಂಪ್ಲೇಟ್ ಇದೆ. ಸೌಲಭ್ಯಗಳು ಎಂದಿನಿಂದಲೋ ಇವೆ, ಬಳಸುವ ರೂಢಿ ಬಂದಿಲ್ಲ.

ಆಕ್ಷೇಪ 6: ‘ಜರ್ನಲ್‌ನವರು ಹೇಗಿದ್ದರೂ ತಮ್ಮ ರೀತಿ ಕೇಳುತ್ತಾರೆ. ಮೊದಲೇ ಏಕೆ ಕಷ್ಟಪಡಬೇಕು?’

ಕೇಳುತ್ತಾರೆ, ನಿಜ. ಆದರೆ ಆ ರೀತಿಗೆ ಬದಲಿಸುವ ಕೆಲಸ ನಮ್ಮ ಮೇಲೆಯೇ ಬೀಳುತ್ತದೆ. ‘ನೇಚರ್’ ಪತ್ರಿಕೆಯ ಒಂದು ಕಾಲಂ ಅಗಲ 89 ಮಿ.ಮೀ. ಪರದೆಯ ಮೇಲೆ ಚೆನ್ನಾಗಿ ಕಂಡಿತೆಂದು 250 ಮಿ.ಮೀ. ಅಗಲದಲ್ಲಿ ಉಳಿಸಿದ ಗ್ರಾಫನ್ನು ಆ ಕಾಲಂಗೆ ಕುಗ್ಗಿಸಿದರೆ 10 ಪಾಯಿಂಟಿನ ಅಕ್ಷರ ಸುಮಾರು ಮೂರೂವರೆ ಪಾಯಿಂಟಿಗೆ ಇಳಿಯುತ್ತದೆ, ಕನ್ನಡಕ ಹಾಕಿದರೂ ಓದಲಾಗದು. ಒಂದೊಂದು ಗ್ರಾಫನ್ನು ಒಂದೊಂದು ಗಾತ್ರದಲ್ಲಿ ಉಳಿಸಿ ವರ್ಡ್‌ನಲ್ಲಿ ಮೂಲೆ ಹಿಡಿದು ಎಳೆದಿದ್ದರೆ ಪ್ರತಿಯೊಂದರ ಅಕ್ಷರವೂ ಬೇರೆ ಗಾತ್ರಕ್ಕೆ ಬಂದು ನಿಲ್ಲುತ್ತದೆ. ಅಗಲ, ಅಕ್ಷರದ ಗಾತ್ರ, ಗೆರೆಯ ದಪ್ಪ ಮೂರೂ ಥೀಮ್ ಫೈಲಿನಲ್ಲಿದ್ದರೆ ಮೂರು ಅಂಕಿ ಬದಲಿಸಿ ಎಲ್ಲ ಚಿತ್ರಗಳನ್ನೂ ಮತ್ತೆ ತೆಗೆಯಬಹುದು. ಮೊದಲೇ ಏಕರೂಪವಾಗಿದ್ದದ್ದನ್ನು ಬೇರೆ ರೂಪಕ್ಕೆ ತರುವುದು ಸುಲಭ. ಚೆಲ್ಲಾಪಿಲ್ಲಿಯಾಗಿದ್ದದ್ದನ್ನು ಮಾತ್ರ ಒಂದೊಂದಾಗಿ ಹೆಕ್ಕಬೇಕಾಗುತ್ತದೆ.

ಆಕ್ಷೇಪಗಳಿಗೆ ಉತ್ತರ ಇಷ್ಟು. ಇನ್ನು ಸಂಸ್ಥೆಗಳಿಗೆ ಒಂದು ಮಾತು. ಪ್ರಬಂಧದ ಎಡ ಅಂಚು ಎಷ್ಟಿರಬೇಕು, ಸಾಲುಗಳ ನಡುವೆ ಎಷ್ಟು ಜಾಗ ಬಿಡಬೇಕು ಎಂದು ವಿಶ್ವವಿದ್ಯಾಲಯಗಳು ನಿಯಮ ಮಾಡಿವೆ. ಸಾಲುಗಳ ನಡುವಿನ ಜಾಗ ತಪ್ಪಿದರೆ ಯಾವ ತೀರ್ಮಾನವೂ ಬದಲಾಗುವುದಿಲ್ಲ. ಅಕ್ಷ ತಪ್ಪಿದರೆ ಬದಲಾಗುತ್ತದೆ. ಆ ನಿಯಮಗಳಿಗೆ ಗ್ರಾಫ್ ಕುರಿತ ಒಂದು ಪುಟ ಸೇರಲಿ. ಪ್ರತಿ ವಿಭಾಗವೂ ತಾನು ಮತ್ತೆ ಮತ್ತೆ ಬಳಸುವ ಬೆಳೆ, ಜಿಲ್ಲೆ, ಚಿಕಿತ್ಸಾ ಗುಂಪುಗಳಿಗೆ ಬಣ್ಣ ನಿಗದಿ ಮಾಡಲಿ. ಹಾಗೆ ಮಾಡುವಾಗ ಕೆಂಪು ಹಸಿರು ಭೇದ ಕಾಣದವರಿಗೂ ಓದಲು ಬರುವಂತೆ ಜಪಾನಿನ ಒಕಾಬೆ ಮತ್ತು ಇಟೊ ರೂಪಿಸಿದ ಎಂಟು ಬಣ್ಣಗಳ ಪಟ್ಟಿಯಂಥದ್ದನ್ನು ಆರಿಸಿಕೊಳ್ಳಲಿ. ಅದನ್ನು ಆರ್, ಪೈಥಾನ್, ಸ್ಟೇಟಾ, ಎಕ್ಸೆಲ್ ನಾಲ್ಕಕ್ಕೂ ಫೈಲ್ ಆಗಿ ಬರೆಸಿ, ಸಂಶೋಧನೆಗೆ ಸೇರಿದ ಮೊದಲ ವಾರದಲ್ಲೇ ವಿದ್ಯಾರ್ಥಿಗಳ ಕೈಗೆ ಕೊಡಲಿ. ಪರೀಕ್ಷಕರು ಪ್ರಬಂಧ ಕೈಗೆತ್ತಿಕೊಂಡಾಗ ಯಾವುದೇ ಎರಡು ಗ್ರಾಫ್‌ಗಳನ್ನು ಅಕ್ಕಪಕ್ಕ ಇಟ್ಟು, ಇವುಗಳ ನಡುವೆ ಕಾಣುವ ಪ್ರತಿ ವ್ಯತ್ಯಾಸವೂ ದತ್ತಾಂಶದಲ್ಲಿದೆಯೇ ಎಂದು ಕೇಳಲಿ. ಇಲ್ಲ ಎಂಬ ಉತ್ತರ ಬಂದರೆ ಕೋಷ್ಟಕದಲ್ಲಿ ತಪ್ಪು ಅಂಕಿ ಸಿಕ್ಕಾಗ ಮಾಡುವಂತೆಯೇ ಪುಟವನ್ನು ತಿದ್ದಲು ಹಿಂದಕ್ಕೆ ಕಳಿಸಲಿ.